ಮೊದಲ ಕಣ್ಣು ಯಾರಿಗೆ

ನಂಬಬೇಡಿ! ತಾಕತ್ತಿದ್ದರೆ ನಂಬಬೇಡಿ, ನೋಡೇಬಿಡೋಣ. ತೊಂಬತ್ತಾರು! ನೂರಕ್ಕೆ ತೊಂಬತ್ತಾರು ಕಣ್ರೀ ಮಧುಶ್ರೀ! ಇದೇ ಸ್ಟೂಲು, ಆಪರೇಷನ್ ಕಲಿಯುವ ಇದೇ ಸಿಮ್ಯುಲೇಟರು, ಇದೇ ಗೊಂಬೆ ತಲೆಯ ಪ್ಲಾಸ್ಟಿಕ್ ಕಣ್ಣು. ಮಧ್ಯಾಹ್ನ ನೀವು ಕ್ಯಾಂಟೀನಿನಲ್ಲಿ ಸೆಟ್ ದೋಸೆ ತಿನ್ನುತ್ತಿದ್ದಿರಲ್ಲ, ಆಗ. ಪೊರೆಯ ಮೇಲಿನ ತೆಳುಪದರವನ್ನು ಒಂದೇ ಸುತ್ತಿಗೆ ಬಿಡಿಸಿಬಿಟ್ಟೆ. ಯಂತ್ರ ನೋಡಿಕೊಳ್ಳುವ ಗೋವಿಂದರಾಜುನ ಬೇಕಾದರೆ ಕೇಳಿ. ಪರದೆ ನೋಡಿ, "ಏನ್ ಸಾರ್, ಬಳೆ ಇಟ್ಟು ಗೀಚಿದಂಗದೆ!" ಅಂದ.

ಯಾಕೆ ನಗುತ್ತೀರಿ?

ತೆರಕಣಾಂಬಿ ಕಡೆಯ ಗಮಾರ, ಇವನಿಗೆಲ್ಲಿ ಒಲಿಯಿತು ಅಂತಲಾ? ನಿಮ್ಮ ಕೈ ಪಳಗಿದ್ದು ವಿದ್ಯಾರಣ್ಯಪುರಂನಲ್ಲಿ, ಅಪ್ಪನ ಕಣ್ಣಾಸ್ಪತ್ರೆಯಲ್ಲಿ, ಎಸಿ ಹಾಕಿಕೊಂಡು. ಈ ಮಹದೇವಪ್ರಸಾದನ ಕೈ ಪಳಗಿದ್ದು ಟೊಮೆಟೊ ಸಿಪ್ಪೆ ಮೇಲೆ! ಮಂಡಿ ಮೊಹಲ್ಲಾದ ಮಟನ್ ಅಂಗಡಿಯಿಂದ ಮೇಕೆ ಕಣ್ಣು ತಂದು, ಥರ್ಮಾಕೋಲಿಗೆ ಗುಂಡುಸೂಜಿ ಚುಚ್ಚಿ ಕೂರಿಸಿ, ಸೀಳಿ, ಹೊಲಿದು... ಮುನ್ನೂರು ಕಣ್ಣು! ಹಾಸ್ಟೆಲಿನ ಫ್ರಿಜ್ ತೆಗೆದವರೆಲ್ಲ ಕಿರುಚಿಕೊಳ್ಳುತ್ತಿದ್ದರು. ನೀವು ಚಪ್ಪಲಿ ಹಾಕಿಕೊಂಡು ಯಂತ್ರದ ಪೆಡಲ್ ಒತ್ತುತ್ತೀರಿ. ನಾನು ಬರಿಗಾಲು. ಕೆಸರು ತುಳಿದ ಕಾಲು ಕಣ್ರೀ, ಕೂದಲೆಳೆಯಷ್ಟು ಒತ್ತು ಅಂದರೆ ಅಷ್ಟೇ ಒತ್ತುತ್ತದೆ.

ಹೊಟ್ಟೆಕಿಚ್ಚಾ? ನನಗಾ? ನಿಮ್ಮ ಮೇಲಾ? ಅಯ್ಯೋ, ಬುಡಿ! ಸರ್ವಮಂಗಳಾ ಮೇಡಂ ಇಡೀ ಬ್ಯಾಚಿನ ಮುಂದೆ "ಮಧುಶ್ರೀ ಕೈ ನೋಡಿ ಕಲೀರಪ್ಪಾ" ಅಂದಾಗ ಮೊದಲು ಚಪ್ಪಾಳೆ ಹೊಡೆದದ್ದು ಯಾರು? ನಾನು. ಅಂಗೈ ಉರಿ ಹತ್ತುವಷ್ಟು ಹೊಡೆದೆ. ಅವತ್ತು ಊಟ ಸೇರಲಿಲ್ಲ, ಅದು ಬೇರೆ ವಿಷಯ. ಮೆಸ್ಸಿನ ಹುಳಿ ಹಳಸಿತ್ತು.

ಅಲ್ಲ, ಮೇಡಂ ಮಾಡಿದ ನಿಯಮವೇ ತಾನೆ? ಸಿಮ್ಯುಲೇಟರಿನಲ್ಲಿ ಮೂವತ್ತು ಸಲ ಪೊರೆ ತೆಗೆಯಬೇಕು, ಯಾರ ಸರಾಸರಿ ಹೆಚ್ಚೋ ಗುರುವಾರದ ಕೇಸು ಅವರಿಗೆ. ನಮ್ಮ ಬ್ಯಾಚಿಗೆ ಮೊದಲ ಜೀವಂತ ಕಣ್ಣು! ಬೋಗಾದಿಯ ಚಿಕ್ಕಮಾದಮ್ಮನ ಬಲಗಣ್ಣು. ನಿನ್ನೆ ವಾರ್ಡಿಗೆ ಹೋಗಿ ಮಾತಾಡಿಸಿಕೊಂಡೇ ಬಂದೆ. "ನೀನೇ ಮಾಡೀಯಾ, ಮಗ?" ಅಂತು ಅಜ್ಜಿ. "ನಾನೇ ಕಣಜ್ಜಿ" ಅಂದುಬುಟ್ಟೆ. ಊರಿಗೂ ಫೋನ್ ಹಾಕಿದೆ. ಅಪ್ಪ ಟೀ ಅಂಗಡಿಯಲ್ಲೆಲ್ಲ ಸಾರಿಕೊಂಡು ಬಂದಾಗಿದೆ.

ನನ್ನ ಸರಾಸರಿ ಎಂಬತ್ತೆಂಟು. ನಿಮ್ಮದು... ಎಂಬತ್ತೊಂದಕ್ಕೆ ಇಳಿದುಹೋಯಿತಂತೆ, ಪಾಪ. ಹೋದ ವಾರ ತೊಂಬತ್ತೊಂದಿತ್ತಲ್ಲವಾ? ಏನು ಮಾಡೋದು ಹೇಳಿ. ಕೈ ಅಂದ ಮೇಲೆ ಒಂದು ದಿನ ನಡುಗುತ್ತದೆ. ಎಂಥೆಂಥವರಿಗೂ...

ಏನದು? ಪ್ರಿಂಟೌಟಾ? ಗೋವಿಂದರಾಜು ತೆಗೆದುಕೊಟ್ಟನಾ?

ಕೊಡಿ ಇಲ್ಲಿ. ಹ್ಞೂ... ನಿಮ್ಮ ಕೊನೆಯ ಆರು ಸಲ. ನಲವತ್ತು, ಮೂವತ್ತೆಂಟು, ನಲವತ್ತಮೂರು... ಛೆ ಛೆ. ಮಂಗಳವಾರದ್ದು. ಅವತ್ತು ನಿಮಗೆ ಮೈ ಹುಷಾರಿರಲಿಲ್ಲವೇನೋ... ಹಾಗೆ ನೋಡಬೇಡಿ. ಮಂಗಳವಾರ ಅಂದರೆ... ಓ. ನಂಜನಗೂಡಿನ ಕಣ್ಣು ತಪಾಸಣೆ ಕ್ಯಾಂಪು. ನೀವು ಬೆಳಗಿನಿಂದ ಸಂಜೆವರೆಗೆ ಅಲ್ಲಿದ್ದಿರಿ. ಹಾಗಾದರೆ ಯಂತ್ರದ ತಪ್ಪು! ಗಡಿಯಾರ ಕೆಟ್ಟಿರಬೇಕು. ಇಲ್ಲವೇ ಯಾರೋ ನಿಮ್ಮ ಹೆಸರಿನಲ್ಲಿ ಕೂತಿದ್ದಾರೆ. ಹುಟ್ಟಿದ ತಾರೀಖನ್ನೇ ಪಾಸ್‌ವರ್ಡ್ ಮಾಡಿಕೊಂಡು, ಅವತ್ತೇ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರೆ? ಯಾರು ಬೇಕಾದರೂ ಕೂರಬಹುದು! ಪ್ರಸನ್ನ ಕೂತಿರಬಹುದು, ಕೀರ್ತಿ ಕೂತಿರಬಹುದು...

ಎಲ್ಲಿ ಬೆರಳಿಟ್ಟಿದ್ದೀರಿ? ಕೆಳಗಿನ ಸಾಲಾ?

'ಎಡಗೈ.'

...ಈ ಹಾಳಾದ ಯಂತ್ರ ಅದನ್ನೂ ಬರೆದುಕೊಳ್ಳುತ್ತದಾ?

ಬ್ಯಾಚಿನಲ್ಲಿ ಎಡಚ ನಾನೊಬ್ಬನೇ. ಗೊತ್ತು. ಕೂತ ಕೂಡಲೇ ಎಲ್ಲವನ್ನೂ ಎಡಕ್ಕೆ ತಿರುಗಿಸಿಕೊಳ್ಳುವುದು ಅಭ್ಯಾಸ ಆಗಿಬುಟ್ಟಿದೆ... ಅವತ್ತೂ ತಿರುಗಿಸಿಬಿಟ್ಟೆ, ನೋಡಿ. ಆರು ಕಣ್ಣು. ಬೇಕಂತಲೇ ಹರಿದೆ. ಅದೂ ಸುಲಭ ಅಲ್ಲ ಕಣ್ರೀ! ಕಲಿತ ಕೈ ಒಪ್ಪುವುದಿಲ್ಲ. ಮೊದಲನೆಯದನ್ನು ಹರಿಯಲು ಹೋಗಿ ನಾಲ್ಕು ಸಲ ತಾನಾಗೇ ಸರಿಮಾಡಿತು...

ಬೈಯ್ರೀ! ಏನಾದರೂ ಅನ್ರೀ! ಮತ್ತೇನು ತೆಗೆಯುತ್ತಿದ್ದೀರಿ?

ಇನ್ನೊಂದು ಹಾಳೆಯಾ? ಗುರುವಾರದ ಆಪರೇಷನ್ ಪಟ್ಟಿ. ಸರ್ವಮಂಗಳಾ ಮೇಡಂ ಸಹಿ... ಅಂದರೆ ಮೇಡಂಗೂ ಗೊತ್ತು. ಚಿಕ್ಕಮಾದಮ್ಮ, ಬಲಗಣ್ಣು, ಡಾಕ್ಟರ್ ಮಧುಶ್ರೀ. ಅದರ ಕೆಳಗೆ ನನ್ನ ಹೆಸರು. ನನಗೆ ಕೊಟ್ಟ ಕೆಲಸ: ನೀವು ಪೊರೆ ತೆಗೆದು ಮುಗಿಸುವವರೆಗೆ ಪಕ್ಕದಲ್ಲಿ ಕೂತು, ಅಜ್ಜಿಯ ಕಣ್ಣು ಒಣಗದಂತೆ ಸಿರಿಂಜಿನಿಂದ ನೀರು ಬಿಡುವುದು.