ಗಂಜಿ ನೀರಿನ ಮೂಲೆ

ತಾಯಿ ಚೌಡೇಶ್ವರಿ, ನೂಲಿಗೆ ಬಲ ಕೊಟ್ಟವಳೇ, ನೇಯುವ ಕೈಗೆ ಅನ್ನ ಕೊಟ್ಟವಳೇ, ನಿನ್ನ ಪಾದಕ್ಕೆ ಶರಣು. ಇಂಥ ಹೊತ್ತಿನಲ್ಲಿ ತೀರಿಕೊಂಡವರ ಮಾತು ಎತ್ತುತ್ತಿದ್ದೇನೆ. ನಾಲಿಗೆ ತಪ್ಪಿದರೆ ಹೊಟ್ಟೆಗೆ ಹಾಕಿಕೋ.

ಹತ್ತಿರ ಬಂದು ಕೂತುಕೊಳ್ಳಿ. ಇದು ಗಾಳಿಯಲ್ಲಿ ಬಂದ ಮಾತಲ್ಲ. ಅನ್ನೂರಿನ ದಾರಿಯಲ್ಲಿ ಇಳಿದರೆ ನಮ್ಮ ನೇಕಾರರ ಬೀದಿ. ಬೀದಿಯ ಕೊನೆಯ ಮನೆ ನಂಜಪ್ಪನದು. ಅದರ ಎದುರು ಮನೆ ನಮ್ಮದು.

ಎಂಬತ್ತಮೂರನೇ ಇಸವಿಯ ಬೇಸಿಗೆ. ಕೈಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದ ಕಾಲ. ನಂಜಪ್ಪನೂ ಮನೆಯ ಮಗ್ಗ ಬಿಚ್ಚಿಟ್ಟು ಪವರ್‌ಲೂಮ್ ಶೆಡ್ಡಿಗೆ ಹೋಗುತ್ತಿದ್ದ. ಕೆಲಸ ಮುಗಿಸಿ ಕೊನೆಯ ಟೌನ್ ಬಸ್ ಇಳಿದರೆ ಅಲ್ಲಿಂದ ನಡಿಗೆ. ಕಿವಿ ತುಂಬ ಶೆಡ್ಡಿನ ಸದ್ದು. ಕಾಲು ತನ್ನದೋ ಬೇರೆಯವರದೋ ಅನ್ನುವಂಥ ದಣಿವು.

ದಾರಿಯಲ್ಲಿ ಹಳೆಯ ಸೇದುಬಾವಿ, ಅದರ ಮೇಲೆ ಬಾಗಿದ ಆಲದಮರ. ಆ ರಾತ್ರಿ ಬಾವಿ ದಾಟುವಾಗ ರಾಟೆ ತಿರುಗಿತು. ಕಿರ್... ಕಿರ್... ಆಮೇಲೆ ಆಳದಲ್ಲಿ, ಕೊಡ ನೀರಿಗೆ ಮುಳುಗುವ ಸದ್ದು. ದುಬುಕ್.

ಯಾರೋ ನೀರು ಸೇದುತ್ತಿದ್ದಾರೆ ಅಂದುಕೊಂಡು ತಿರುಗಿದ. ಯಾರೂ ಇಲ್ಲ. ರಾಟೆಯಲ್ಲಿ ಹಗ್ಗವೂ ಇಲ್ಲ.

ಪಾಪ, ಅವನಿಗೆ ಹೆದರುವಷ್ಟು ತ್ರಾಣವೂ ಇರಲಿಲ್ಲ. ಮುರುಗನ ಹೆಸರು ಹೇಳಿಕೊಂಡು ನಡೆದ. ಹಿಂದೆ ಬರಿಗಾಲು... ತಪ್... ತಪ್... ನಡುವೆ ತುಳುಕಿದ ನೀರು ಒಣ ಮಣ್ಣಿಗೆ ಬೀಳುವ ಪಚಕ್ ಸದ್ದು. ಅವನು ನಿಂತರೆ ಅದೂ ನಿಂತಿತು.

ಮನೆ ಸೇರಿ, ಅಗುಳಿ ಹಾಕಿ, ಚಾಪೆಯ ಮೇಲೆ ಬಿದ್ದ. ಸ್ವಲ್ಪ ಹೊತ್ತಿಗೆ ತೆಂಕಣ ಮೂಲೆಯ ಗೋಡೆಯ ಆಚೆಯಿಂದ... ಸೊರ್... ಯಾರೋ ಗೋಡೆಯ ಬುಡಕ್ಕೆ ನೀರು ಸುರಿಯುತ್ತಿದ್ದಾರೆ. ಅವಸರವಿಲ್ಲದೆ. ಹುಳಿತ ಗಂಜಿಯ ವಾಸನೆ ಒಳಗೆ ಬಂತು.

ಹೆಂಡತಿ ಸಾಂತಿ ಎಚ್ಚರವಾಗೇ ಇದ್ದಳು.

"ಕೇಳ್ತಾ ಮಾಮಾ?"

"ಹ್ಞೂಂ."

"ದಿನಾ ಬರ್ತದೆ. ನೀವು ಹೆಣದಂಗೆ ನಿದ್ದೆ ಮಾಡ್ತೀರ."

"ಯಾರದು?"

"ಅತ್ತೆ ನಡಿಗೆ..."

ನಂಜಪ್ಪನ ಅವ್ವ ರಾಮಾತಾಳ್ ತೀರಿಕೊಂಡು ವರ್ಷ ತುಂಬಿರಲಿಲ್ಲ.

ಆ ಮೂಲೆಯ ಗೋಡೆ ಮೊದಲೇ ಬಿರುಕು ಬಿಟ್ಟಿತ್ತು. ಕಿಟಕಿಯ ತುದಿಯಿಂದ ಮೆಟ್ಟಿಲು ಇಳಿದ ಹಾಗೆ ಓರೆಯಾಗಿ ನೆಲದವರೆಗೆ. ಮೊದಲು ಕೂದಲೆಳೆಯಷ್ಟಿತ್ತು. ನಂಜಪ್ಪ ಸಿಮೆಂಟ್ ಮೆತ್ತಿದ, ಬಿಟ್ಟಿತು. ಮತ್ತೆ ಮೆತ್ತಿದ, ಮತ್ತೆ ಬಿಟ್ಟಿತು. ಪಕ್ಕದ ಮನೆಯ ಮುದುಕಿ ಸಾಮಿಯಾತಾಳ್ ನೋಡಿ, ಗೋಡೆಗೆ ವಿಭೂತಿ ಬಳಿದದ್ದಾಯ್ತು, ಇನ್ನು ಮಂಗಳಾರತಿ ಒಂದೇ ಬಾಕಿ ಅಂದಿದ್ದಳು. ಅವಳ ಮಾತಿಗೆ ಬೀದಿಯೆಲ್ಲ ನಕ್ಕಿತ್ತು. ನಂಜಪ್ಪನಿಗೆ ನಗು ಬರಲಿಲ್ಲ. ಮನೆಯ ತೊಲೆ ಕೂತಿದ್ದು ಅದೇ ಗೋಡೆಯ ಮೇಲೆ. ತೊಲೆಯ ಕೆಳಗೆ ಅವರ ಹೆಣ್ಣು ಮಗು ಮಲಗುತ್ತಿತ್ತು.

ಸಾಂತಿಯ ತವರು ಉಡುಮಲೈಪೇಟೆ. ಜಗಳವಾಡದೆ, ದನಿ ಎತ್ತದೆ ಹೇಳಿಬಿಟ್ಟಿದ್ದಳು, ಗೋಡೆ ಇನ್ನೂ ಬಿಟ್ಟರೆ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ ಅಂತ. ಅವಳು ಹೋದರೆ ಅವನೂ ಬಾಗಿಲಿಗೆ ಬೀಗ ಹಾಕಿ ಶೆಡ್ಡಿನಲ್ಲೇ ಮಲಗಬೇಕು. ನಮ್ಮ ಬೀದಿಯಲ್ಲಿ ಹಾಗೆ ಬೀಗ ಬಿದ್ದ ಮನೆ ಒಂದೂ ಮತ್ತೆ ತೆರೆದದ್ದಿಲ್ಲ. ಅದು ಅವನಿಗೆ ಗೊತ್ತಿತ್ತು.

ದಣಿದವನ ಬುದ್ಧಿ ನೋಡಿ. ಅವ್ವನೇ ದಿನವೂ ಬುಡಕ್ಕೆ ನೀರು ಸುರಿದು ಅಸ್ತಿವಾರ ಕರಗಿಸುತ್ತಿದ್ದಾಳೆ ಅಂದುಕೊಂಡ. ಬೇರೆ ಊರಿನಿಂದ ಮಂತ್ರ ಹಾಕುವವನೊಬ್ಬನನ್ನು ಕರೆತಂದ. ಆತ ಬಾವಿಯ ಪಕ್ಕದ ಆಲದ ಬೇರಿಗೆ ಕಬ್ಬಿಣದ ಮೊಳೆ ಹೊಡೆದು, ಇನ್ನು ಬರುವುದಿಲ್ಲ ಅಂದ.

ಬರಲಿಲ್ಲ. ರಾಟೆಯಿಲ್ಲ, ಹೆಜ್ಜೆಯಿಲ್ಲ, ನೀರಿಲ್ಲ. ಬೀದಿಗೆ ಬೀದಿಯೇ ಗಪ್‌ಚಿಪ್.

ಆ ಮೌನದಲ್ಲಿ ಗೋಡೆ ಮಾತಾಡಿತು. ಟಿಕ್... ಸ್ವಲ್ಪ ಬಿಟ್ಟು ಇನ್ನೊಂದು... ಟಿಕ್... ಬೀಜ ಸಿಡಿದ ಹಾಗೆ. ಮಾರನೆಯ ರಾತ್ರಿಯೂ ಹಾಗೇ. ಬಿರುಕಿನೊಳಗೆ ಬೆರಳು ಹೋಗುವಂತಾಯಿತು. ವಾರ ಕಳೆಯುವುದರೊಳಗೆ ಒಂದು ನಸುಕಿನಲ್ಲಿ ತೊಲೆ ಗರ್ ಅಂತ ಜರುಗಿ, ಮಗುವಿನ ರೆಪ್ಪೆಯ ಮೇಲೆ ಮಣ್ಣು ಉದುರಿತು.

ಬೆಳಕು ಹರಿದಾಗ ಸಾಂತಿ ಬಟ್ಟೆಗಂಟು ಕಟ್ಟಿ ಹೊರಗಿಟ್ಟಿದ್ದಳು. ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮನೆಯನ್ನೊಂದು ಸುತ್ತು ನೋಡಿ ಬರಲು ಹೋದವಳು ಆ ಮೂಲೆಯಲ್ಲೇ ನಿಂತುಬಿಟ್ಟಳು.

"ಮಾಮಾ, ಇಲ್ಲಿ ಬನ್ನಿ. ಇದರೊಳಗೆ ಕೈ ಇಡಿ."

ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಟ್ಟಿತ್ತು. ಕೈ ಮಣಿಕಟ್ಟಿನವರೆಗೆ ಇಳಿಯಿತು. ಒಳಗೆ ಮಣ್ಣು ಕಾದ ಹೆಂಚಿನಂತೆ ಒಣಗಿತ್ತು.

"ನೀರು ಬಿದ್ದು ಕೆಟ್ಟಿದ್ರೆ ಇದು ಕೆಸರಾಗಿರಬೇಕಲ್ಲ? ಪಾತ್ರೆ ತೊಳೆಯೋ ಕಡೆ ನೋಡಿ. ದಿನಾ ನೀರು ಬೀಳ್ತದೆ. ಅಲ್ಲಿ ಗೋಡೆ ನೆಟ್ಟಗದೆ."

ನಂಜಪ್ಪ ಹಾಗೇ ಕುಕ್ಕರುಗಾಲಲ್ಲಿ ಕೂತ. ನಮ್ಮದು ಕರಿಮಣ್ಣು ನೋಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ರಾಮಾತಾಳ್ ಬಾಳೆಲ್ಲ ಬೀದಿಯಲ್ಲಿ ನೂಲು ಹಾಸಿ ಗಂಜಿ ಹಾಕಿದವಳು. ಗಂಜಿಯೂ ಅನ್ನವೇ, ನಾಲ್ಕು ಜನ ತುಳಿಯುವ ಕಡೆ ಚೆಲ್ಲಬಾರದು ಅನ್ನುವುದು ನಮ್ಮವರ ಪದ್ಧತಿ. ಹಾಗಾಗಿ ಉಳಿದ ಗಂಜಿ ನೀರನ್ನೆಲ್ಲ ಸಂಜೆ ಯಾರೂ ಕಾಲಿಡದ ಆ ಮೂಲೆಗೆ ಹೊಯ್ಯುತ್ತಿದ್ದಳು. ಆ ಮಣ್ಣು ಒಣಗಿದ್ದೇ ಇಲ್ಲ. ಅವಳೂ ಹೋದಳು, ಮನೆಯ ಮಗ್ಗವೂ ನಿಂತಿತು. ಮೂಲೆ ಒಣಗಿ ಕುಗ್ಗಿತು, ಅದರ ಮೇಲಿನ ಗೋಡೆ ಕೂತಿತು. ಮೇಲೆ ಎಷ್ಟು ಸಿಮೆಂಟ್ ಮೆತ್ತಿದರೇನು, ಕುಸಿದದ್ದು ಬುಡ.

"ಅವ್ವ ಕೆಡವ್ತಾ ಇರ್ಲಿಲ್ಲ ಸಾಂತಿ," ಅಂದ. "ಹಿಡ್ಕೊಂಡಿದ್ಲು..."

ಎದ್ದು ನೇರ ಆಲದಮರಕ್ಕೆ ಹೋದ. ಮೊಳೆಯನ್ನು ಕೈಯಲ್ಲೇ ಅಲುಗಿಸಿ ಅಲುಗಿಸಿ ಕಿತ್ತ. ಅಂಗೈ ಹರಿದಿತ್ತು. ಅದನ್ನು ನಾನೇ ನೋಡಿದ್ದೇನೆ.

ಆಮೇಲೆ ಅಂಗಪ್ಪನ್ ಕೊತ್ತನಾರನ್ನು ಕರೆಸಿದರು. ಗಾರೆ ಕೆಲಸದವರನ್ನು ನಮ್ಮ ಕಡೆ ಹಾಗನ್ನುತ್ತಾರೆ. ತೊಲೆಗೆ ತಾಳೆಮರದ ಕಂಬ ಕೊಟ್ಟು ಭಾರ ಇಳಿಸಿದರು. ಬುಡವನ್ನು ಒಂದೇ ಸಲಕ್ಕೆ ತೋಡಲಿಲ್ಲ, ತೋಡಿದರೆ ಗೋಡೆ ಪೂರ್ತಿ ಕೂರುತ್ತದೆ. ಮೊಳ ಮೊಳವಾಗಿ ತೋಡಿ, ಕರಿಮಣ್ಣು ತೆಗೆದು, ಗಟ್ಟಿ ನೆಲ ಸಿಕ್ಕಿದ ಮೇಲೆ ಕಲ್ಲು ಸುಣ್ಣ ಹಾಕಿ ಕಟ್ಟಿ, ಅದು ಬಿಗಿದ ಮೇಲೆ ಮುಂದಿನ ಮೊಳ. ಸುತ್ತ ಮರಳು ತುಂಬಿ ದಮ್ಮಸ್ಸು ಹೊಡೆದರು. ಬಿರುಕನ್ನು ಕೆತ್ತಿ ಅಗಲಿಸಿ, ತೊಳೆದು, ಅಡ್ಡಡ್ಡ ಕಲ್ಲು ಕೊಟ್ಟು ಹೊಲಿದ ಹಾಗೆ ಕೂಡಿಸಿದರು. ನಂಜಪ್ಪ ಹಗಲು ಮಣ್ಣು ಹೊತ್ತು, ಸಂಜೆ ಶೆಡ್ಡಿಗೆ ಹೋದ. ಸಾಂತಿ ಊರಿಗೆ ಹೋಗಲಿಲ್ಲ. ಗಂಟನ್ನು ಬಿಚ್ಚಲೂ ಇಲ್ಲ. ಮಗುವಿನೊಡನೆ ನಮ್ಮ ಮನೆ ಮುಂದಿನ ತಿಣ್ಣೆಯ ಮೇಲೆ ಮಲಗುತ್ತಿದ್ದಳು.

ಕೊನೆಯ ದಿನ ಕೊತ್ತನಾರ್ ಬಿರುಕಿನ ಮೇಲೆ ಸುಣ್ಣದ ಗಾರೆ ಬಳಿದು, ಕರಣೆಯಲ್ಲಿ ಕನ್ನಡಿಯಂತೆ ನಯ ಮಾಡಿದ. ಬುಡ ಇನ್ನೂ ಅಲುಗಿದರೆ ಈ ಗಾರೆ ಮೊದಲು ಸೀಳುತ್ತದೆ, ಬೆಳಿಗ್ಗೆ ಬಂದು ನೋಡುತ್ತೇನೆ ಅಂದು ಹೋದ.

ಆ ರಾತ್ರಿ ಮನೆಯೊಳಗೆ ನಂಜಪ್ಪ ಒಬ್ಬನೇ. ಕಿರ್... ಕಿರ್... ದೂರದಲ್ಲಿ ರಾಟೆ. ಆಮೇಲೆ ಹೆಜ್ಜೆ. ಮೂಲೆಗೆ ಬಂದು ನಿಂತಿತು. ಅವನು ಗೋಡೆಗೆ ಬಾಯಿ ಹತ್ತಿರ ಮಾಡಿ ಪಿಸುಗುಟ್ಟಿದ.

"ಅವ್ವಾ... ಸಾಕು. ಬುಡ ಕಟ್ಟಾಯ್ತು. ಎಷ್ಟು ದಿನ ಹೊರ್ತೀಯ? ಹೋಗಿ ಮಲ್ಕೋ."

ನೀರು ಸುರಿಯುವ ಸದ್ದು ಬರಲಿಲ್ಲ. ಆಮೇಲೆ ಸರ್... ಸರ್... ಅಂತ ಗೋಡೆಯನ್ನು ಏನೋ ಸವರುವ ಮೆಲ್ಲನೆಯ ಸದ್ದು. ಅದನ್ನು ಕೇಳುತ್ತಲೇ ಅವನಿಗೆ ನಿದ್ದೆ ಹತ್ತಿತು. ಎಷ್ಟೋ ತಿಂಗಳ ನಿದ್ದೆ.

ಬೆಳಿಗ್ಗೆ ಕೊತ್ತನಾರ್ ಬಂದವನೇ ಬೈದ. ನನ್ನ ಗಾರೆಯ ಮೇಲೆ ಕೈಯಾಡಿಸಿದವರು ಯಾರು ಅಂತ. ಗಾರೆ ಎಲ್ಲೂ ಸೀಳಿರಲಿಲ್ಲ. ಆದರೆ ಮೇಲಿನಿಂದ ಕೆಳಗಿನವರೆಗೆ ಸಣ್ಣ ಸಣ್ಣ ಗೆರೆಗಳು, ಎಳೆ ಎಳೆಯಾಗಿ, ಒಂದೂ ಓರೆಯಿಲ್ಲದೆ. ಹಾಸಿದ ನೂಲಿಗೆ ಗಂಜಿ ಎಳೆಯುವ ಕುಂಚ ಹಾಯಿಸಿದರೆ ಬೀಳುವಂಥ ಗೆರೆ. ಆ ಹೊತ್ತಿಗೆ ನಮ್ಮ ಬೀದಿಯ ಯಾವ ಮನೆಯಲ್ಲೂ ಅಂಥ ಕುಂಚ ಉಳಿದಿರಲಿಲ್ಲ.

ಅಂದು ಸಾಂತಿ ಗಂಟು ಬಿಚ್ಚಿದಳು. ಗೋಡೆ ಇವತ್ತಿಗೂ ಬಿಟ್ಟಿಲ್ಲ. ಪೊಂಗಲಿಗೆ ಪೊಂಗಲಿಗೆ ಸುಣ್ಣ ಹೊಡೆಯುತ್ತಾರೆ, ಗೆರೆ ಮುಚ್ಚುವುದಿಲ್ಲ. ನಾನು ಬೆರಳಿಟ್ಟು ನೋಡಿದವನು. ನಡೆದದ್ದನ್ನೇ ಹೇಳಿದ್ದೇನೆ.

ಇಷ್ಟು ಹೊತ್ತು ಕೇಳಿದ ನಿಮ್ಮ ಕಿವಿ ತಂಪಾಗಿರಲಿ. ನಿಮ್ಮ ಮನೆಯ ಬುಡವನ್ನು, ಅದರೊಳಗೆ ಮಲಗುವ ಮಕ್ಕಳನ್ನು ತಾಯಿ ಕಾಯಲಿ. ದುಡಿದು ಬಂದವರಿಗೆ ಕಣ್ತುಂಬ ನಿದ್ದೆ ಕೊಡಲಿ. ಹೋಗಿ, ನಿಧಾನವಾಗಿ ಹೋಗಿ ಮಲಗಿ.