ದೇವರ ಪಾದ ಮುಟ್ಟದ ಅರಿಷಿಣ

ಅಲ್ಲ ಬಸವಂತ್ರಾಯಣ್ಣ, ನಾ ಅಂಥಾದ್ದೇನು ಕೇಳಿದೆ? ಒಂದು ಬಟ್ಟಲ ಅದಲ್‌ಬದಲ್ ಮಾಡು ಅಂದೆ, ಅಷ್ಟ. ಅರಿಷಿಣ ಸೈತ ನೀ ಕೊಡಬೇಕಾಗಿಲ್ಲ. ನಾನ ಯಾದಗಿರಿ ಪೇಟೆದಾಗ ಕಟ್ಟಿಸಿಕೊಂಡು ಬಂದೀನಿ. ನೋಡು, ಧೋತರದ ಚುಂಗಿನಾಗ ಅದ. ನಾಳೆ ಮುಂಜಾನೆ ನಮ್ಮ ಹತ್ತಿ ಗಿರಣಿ ಮಂದಿಯೆಲ್ಲ ಆಣಿ ಮಾಡಾಕ ನಿನ್ನ ಗುಡಿಗೆ ಬರ್ತದಲ್ಲ, ಆವಾಗ ಮಲ್ಲಯ್ಯನ ಪಾದದ ಮ್ಯಾಲಿನ ಬಂಡಾರ ಒಳಗ ಇರಲಿ, ಈ ಅರಿಷಿಣ ಹೊರಗ ಬರಲಿ. ಬಣ್ಣ ಒಂದ, ವಾಸನಿ ಒಂದ. ಆಣಿ ಮಾಡಿಸೋ ಮುಂಬೈ ಸಾಹೇಬಗೇನು ತಿಳೀತದ?

ಯಾಕ ನಗತಿ?

ನಗಬ್ಯಾಡೋ ಅಣ್ಣಾ, ನಾ ವಿಚಾರ ಮಾಡೇ ಹೇಳಾಕತ್ತೀನಿ. ದೇವರ ಪಾದ ಮುಟ್ಟಿದ್ರ ಬಂಡಾರ. ಮುಟ್ಟದಿದ್ರ? ಬರೇ ಅರಿಷಿಣ. ಬರೇ ಅರಿಷಿಣ ಹಿಡಕೊಂಡು ಸುಳ್ಳು ಆಡಿದ್ರ ಅದಕ್ಕ ಪಾಪ ಎಲ್ಲಿಂದ ಬರ್ತದ? ಹಂಗಿದ್ರ ಒಗ್ಗರಣಿ ಹಾಕ್ಕೋತ ಗಂಡಗ ಸುಳ್ಳು ಹೇಳೋ ಹೆಣ್ಮಕ್ಕಳೆಲ್ಲ ಯಾವಾಗೋ ನರಕ ಸೇರತಿದ್ರು.

ನನಗಲ್ಲ ಮತ್ತ! ನನಗ್ಯಾಕ ಬೇಕು? ಹಣಿಗೆ ಇಬತ್ತಿ ಹಚ್ಚಲಾರದ ಒಂದು ಗುಟುಕು ನೀರು ಕುಡಿಯೋ ಮನಷ್ಯಾ ಅಲ್ಲ ಈ ಮರಿಲಿಂಗಪ್ಪ, ನೀನ ಬಲ್ಲಿ. ಬಳಿಚಕ್ರದ ಸಾಲಿಯಾಗ ನನ್ನ ಜೋಡಿ ಒಂದ ಮಣಿ ಮ್ಯಾಲ ಕುಂತು ಕಲಿತಾಂವ ನೀ. ಇದೆಲ್ಲ ವೆಂಕಪ್ಪನ ಸಲುವಾಗಿ. ಬಾಯ್ಲರಿಗೆ ಬೆಂಕಿ ಹಾಕೋ ವೆಂಕಪ್ಪ, ಪಾಪ, ಗಿರಣಿ ಗೇಟಿನ ಹೊರಗ ಬೇವಿನ ಗಿಡದ ಬುಡಕ್ಕ ಕುಂತಾನ. ಒಳಗ ಬಿಡವಲ್ರು.

ಯಾಕ ಅಂದ್ರ... ಬಾಯಾಗ ಎಲಿ ಅದ ನಿನಗ, ಮಾತು ಬರಂಗಿಲ್ಲ, ಗೊತ್ತು. ಅಗಿ, ಅಗಿ. ನಾ ಹೇಳತೀನಿ.

ನಮ್ಮ ಕಂಪನಿ ಅಂದ್ರ ಎಷ್ಟು ದೊಡ್ಡದು ಗೊತ್ತೇನು? ಮುಂಬೈಯಾಗ ಅದರ ತಲಿ. ಮದ್ರಾಸಿನಾಗ ಹೊಟ್ಟಿ. ನಮ್ಮ ಯಾದಗಿರಿಗೆ ಬಂದದ್ದು ಬಾಲದ ತುದಿ. ನಿಜಾಮನ ಕಾಲದಾಗ ಬಾಲದ ಗೋಜಿಗೆ ಯಾರೂ ಬರತಿದ್ದಿಲ್ಲ. ನಾವಾತು, ನಮ್ಮ ಹತ್ತಿ ಆತು. ಪೊಲೀಸ್ ಆ್ಯಕ್ಷನ್ ಆತು, ರಾಜ್ಯ ಬದಲಾತು, ಶುಕ್ರವಾರದ ಸೂಟಿ ಐತವಾರಕ್ಕ ಹೋತು. ಹೋಗಲಿ, ಒಪ್ಪಿಕೊಂಡೆವು. ಹಳೇ ಮ್ಯಾನೇಜರ್ ಹೈದರಾಬಾದಿಗೆ ಗಂಟುಮೂಟಿ ಕಟ್ಟಿದ. ಮುಂಬೈಯಿಂದ ಈ ಹೊಸ ಸಾಹೇಬ ಬಂದ. ಅಂವ ಮೊದಲು ಕಂಪನಿಯ ಬಿಸ್ಕೀಟ ಖಾತೆದಾಗ ಇದ್ದನಂತ. ಬಿಸ್ಕೀಟ! ಮೊದಲ ದಿವಸ ಅರಳೆ ರಾಶಿ ಮುಂದ ನಿಂತು, 'ಇದನ್ನ ತೊಳದು ಯಾಕ ಇಟ್ಟಿಲ್ಲ' ಅಂತ ಕೇಳಿದ. ಹತ್ತೀನ ತೊಳೀಬೇಕಂತ! ಹೆಣ್ಮಕ್ಕಳು ಸೆರಗು ಬಾಯಾಗ ತುರುಕ್ಕೊಂಡು ನಕ್ಕಿದ್ದ ನಕ್ಕಿದ್ದು.

ನಗು, ನಗು. ಈಗ ನಗಲಿಕ್ಕೆ ಹರಕತ್ತಿಲ್ಲ.

ಅಂವ ಯಾರ ಮಾರಿನೂ ನೋಡಂಗಿಲ್ಲ. 'ಯಾರೂ ನನ್ನ ಖೋಲಿಗೆ ಬರಬಾರದು, ಏನಿದ್ರೂ ಮುಕಾದಮನ ಮುಂದ ಹೇಳ್ರಿ.' ಮಂದಿ ಕಡೆಯಿಂದ ಕೆಲಸ ಮಾಡಿಸೋ ಮುಕಾದಮ ಯಾರು? ನಾ. ಮಂದಿ ಬಂದು ನನಗ ಬೈತದ, ನಾ ಒಳಗ ಹೋಗಿ ಬೈಸಿಕೊಂಡು ಬರ್ತೀನಿ. ಎರಡೂ ಕಡೆ ಬಾರಿಸೋ ಡೊಳ್ಳು ಆಗೀನಿ ನಾ.

ಇನ್ನ ಅಂವನ ಹುಕುಂ ಕೇಳು. ನೀರು ಕುಡಿದ್ರ ಮಂದಿ ಹೊರಗ ಹೋಗ್ತದ, ಹೊರಗ ಹೋದ್ರ ಕೆಲಸ ನಿಲ್ತದ. ಅದಕ್ಕ ನೀರಿನ ಹರಿವಿ, ಗಡಿಗಿ ಎಲ್ಲಾ ಒಂದು ಖೋಲಿಯೊಳಗ ಇಟ್ಟು ಕೀಲಿ ಹಾಕಿಸಿದ. ಕೀಲಿಕೈ ಎಲ್ಲಿ? ಅಂವನ ಬಂಗಲೆದಾಗ. ಬಾಯಿ ಒಣಗಿದ್ರ ಮುಕಾದಮಗ ಅರ್ಜಿ ಕೊಡಬೇಕು. ನೀರಡಿಕೆಗೆ ಅರ್ಜಿ ಅಣ್ಣಾ!

ಮತ್ತೊಂದು ಹುಕುಂ. ಕೆಲಸ ಬಿಡೋ ಭೋಂಗಾ, ಬಾಯ್ಲರಿನ ಉಗಿ ಸೀಟಿ, ಊದಿದ ಮ್ಯಾಲ ಒಳಗ ನಿಂತ ಮಂದಿ ಸೆರಗಿನಾಗ ಅರಳೆ ಕಟಿಗೊಂಡು ಹೋಗ್ತದಂತ ಅಂವಗ ಸಂಶೇ. ಅದಕ್ಕ, ಭೋಂಗಾ ಆತಂದ್ರ ಒಬ್ಬರೂ ಒಳಗ ಇರಬಾರದು. ಯಾರು ಹೇಳಿದ್ರೂ ಇರಬಾರದು, ಸ್ವತಾ ತಾನ ಹೇಳಿದ್ರೂ ಇರಬಾರದು. ಇದ್ದಾಂವನ ಕೆಲಸ ಹೋತು. ಪಹರೆದಾಂವ ಗೇಟಿಗೆ ಕೀಲಿ ಜಡದು, ಕೀಲಿಕೈ ಬಂಗಲೆಗೆ ಮುಟ್ಟಿಸಬೇಕು. ಹಿಂಗ ಹುಕುಂ.

ಮೊನ್ನಿ ಮುಂಬೈಯಿಂದ ದೊಡ್ಡ ಸಾಹೇಬ ಬಂದ. ನಮ್ಮ ಸಾಹೇಬಗೂ ಸಾಹೇಬ. ಎಲ್ಲಾರನ್ನೂ ಅಂಗಳದಾಗ ಬಿಸಲಾಗ ನಿಂದರಿಸಿದ್ರು. ಹಾರ ಹಾಕಿಸಿಕೊಂಡು ಶುರು ಮಾಡಿದ ನೋಡು ಭಾಷಣ... 'ನಾವೆಲ್ಲ ಒಂದ ಮನಿ ಮಂದಿ, ಕಂಪನಿ ನಿಮ್ಮ ತಾಯಿ ಇದ್ದಂಗ'... ಮುಗೀವಲ್ದು. ಹೆಣ್ಮಕ್ಕಳ ತುಟಿ ಒಡದು ನಿಂತಾವ. ನಮ್ಮ ಸಾಯಬಮ್ಮ, ಅರಳೆ ಆರಸೋ ಸಾಯಬಮ್ಮ, ಅಕಿ ನಾಲಿಗಿ ನಿನಗ ಗೊತ್ತದಲ್ಲ, ಜೋರಾಗೇ ಅಂದಳು: 'ಒಂದ ಮನಿ ಅಂದ್ರ, ಆ ಮನಿ ನೀರಿನ ಕೊಡ ಎಲ್ಲಿ ಅದ ಕೇಳೋ ಮುಕಾದಮ.' ಮಂದಿಯೆಲ್ಲ ಖೊಳ್ಳ್ ಅಂತು. ಅಂದಾಕಿ ಹಂಗ ಕಣ್ಣಿಗೆ ಕತ್ತಲಿ ಬಂದು ಕುಂತುಬಿಟ್ಟಳು.

ಅಷ್ಟರಾಗ... ಭೋಂಗಾ! ಹೊತ್ತಿಲ್ಲ ಗೊತ್ತಿಲ್ಲ, ಭೋಂ ಅಂತ!

ಆವಾಗ ನೀ ನೋಡಬೇಕಿತ್ತೋ ಅಣ್ಣಾ. ಮಂದಿ ಒಮ್ಮೆ ಒಬ್ಬರ ಮಾರಿ ಒಬ್ಬರು ನೋಡಿತು. ಹುಕುಂ ಅಂದ್ರ ಹುಕುಂ! ಸಾಯಬಮ್ಮನ್ನ ನಡು ಹಾಕ್ಕೊಂಡು ಕೆರಿ ಕಟ್ಟಿ ಒಡದಂಗ ಗೇಟಿನ ಕಡೆ ಹೊಂಟಿತು. ನಮ್ಮ ಸಾಹೇಬ 'ರುಕೋ, ರುಕೋ' ಅಂತಾನ. ಇವರು, 'ನಿಂತ್ರ ಕೆಲಸ ಹೋಗ್ತದ್ರಿ ಸಾಹೇಬ್ರ, ನಿಮ್ಮ ಮಾತ ಅದ!' ಪಹರೆದಾಂವ ನಿಯತ್ತಿನ ಮನಷ್ಯಾ. ಮಂದಿ ಹೊರಗ ಬಿದ್ದ ಕೂಡಲೇ ಗೇಟಿಗೆ ಕೀಲಿ ಹಾಕಿ ಕೀಲಿಕೈ ಬಂಗಲೆಗೆ ಒಯ್ದ. ಒಳಗ ಯಾರು? ದೊಡ್ಡ ಸಾಹೇಬ, ನಮ್ಮ ಸಾಹೇಬ, ಒಂದು ಹಾರ. ನೀರಡಿಕೆ ಆತು. ನೀರಿನ ಹರಿವಿ ಕೀಲಿಯೊಳಗ. ಕೀಲಿಕೈ ಬಂಗಲೆದಾಗ! ಹಹ್ಹಾ... ಸರಪಳಿ ಎಷ್ಟು ಬಿಸಿ ಇತ್ತಂತಿ, ಅಂಗೈ ಚುರ್ ಅಂದ್ರೂ ನಾ...

...ಅಂದ್ರ, ಬಿಸಿ ಇರ್ತದಂತ ವೆಂಕಪ್ಪ ಹೇಳ್ತಿದ್ದ. ಭೋಂಗಾದ ಸರಪಳಿ.

ಎಲಿ ಯಾಕ ಉಗುಳಿದಿ? ಕೈ ಯಾಕ ನೋಡ್ತಿ? ಬಿಡು, ಕೈ ಬಿಡು.

ಆತು. ಎಳದಾಂವ ನಾನ. ಸಾಯಬಮ್ಮಗ ಒಂದು ಚರಗಿ ನೀರು ಸಿಗ್ತದೇನಂತ ಬಾಯ್ಲರ್ ಖೋಲಿಗೆ ಓಡಿದ್ದೆ. ಸರಪಳಿ ಕಣ್ಣ ಮುಂದ ಜೋತಾಡಾಕತ್ತಿತ್ತು. ಕೈ ತಾನ ಮ್ಯಾಲ ಹೋತು. ವೆಂಕಪ್ಪ ನೋಡಿದ, ಬೆಂಕಿ ಕಡೆ ಮಾರಿ ತಿರುವಿ ನಕ್ಕ. ಇಬ್ಬರೂ ಹಂಗ ಮಂದಿಯೊಳಗ ಕೂಡಿ ಹೊರಗ ಬಿದ್ದೆವು. ಈಗ ಸಾಹೇಬ ಅಂವನ್ನ ಹಿಡದಾನ. 'ನೀ ಎಳದಿಲ್ಲಂದ್ರ ಯಾರು ಎಳದ್ರು?' ಅಂವ ಬಾಯಿ ಬಿಡವಲ್ಲ. ಅದಕ್ಕ ನಾಳೆ ಎಲ್ಲಾರೂ ಬಂಡಾರ ಹಿಡದು, 'ನಾ ಎಳದಿಲ್ಲ, ಎಳದಾಂವ ಯಾರಂತ ಗೊತ್ತಿಲ್ಲ' ಅನ್ನಬೇಕು. ಅನ್ನದಾಂವನ ಕೆಲಸ ಹೋತು. ವೆಂಕಪ್ಪ ಬಂಡಾರ ಹಿಡದು ಸುಳ್ಳು ಆಡಂಗಿಲ್ಲ. ನನ್ನ ಹೆಸರೂ ಹೇಳಂಗಿಲ್ಲ. ಮೂಕನಂಗ ನಿಂತು ಕೆಲಸ ಕಳಕೊಂತಾನ. ಬರೇ ಅರಿಷಿಣ ಇತ್ತಂದ್ರ, ಅದನ್ನ ಅಂವನ ಕಿವಿಯಾಗ ನಾ ಊದಿದ್ರ? ಇಬ್ಬರ ಮನಿನೂ ಉಳೀತಾವ. ತಿಳೀತಿಲ್ಲೋ?

ಹೇಳು ಮತ್ತ. ಬಾಯಾಗ ಈಗ ಎಲಿ ಇಲ್ಲ.

ಬೇಕಾದ್ರ ಆ ಸಾಹೇಬನ ಕೈಯಾಗ ಖರೇ ಬಂಡಾರ ಕೊಡು. 'ನನಗ ಹತ್ತಿ ತಿಳೀತದ' ಅಂತ ಆಣಿ ಮಾಡ್ಲಿ ನೋಡೂಣು! ಜ್ವಾಳ ಯಾವುದು, ಸಜ್ಜಿ ಯಾವುದು ತಿಳಿಯದ ಮನಷ್ಯಾ. ನಮ್ಮ ದೇವರು, ನಮ್ಮ ನಡೆ, ಏನೇನೂ ಗೊತ್ತಿಲ್ಲ ಅಂವಗ...

...ಏನು?

ಹಂಗ್ಯಾಕ ನೋಡ್ತಿ?

ಬಂಡಾರದ ಆಣಿ ಸುದ್ದಿ ಅಂವಗ ಹೆಂಗ ಮುಟ್ಟಿತಂತಿ?... ಯಾರೋ ಹೇಳಿರಬೇಕು ಬಿಡು. ಊರಾಗ ಬಾಯಿಗೇನು ಕಮ್ಮಿ? ಕಾರಕೂನ ಹೇಳಿರಬೇಕು. ಅಂವ ಮದ್ರಾಸಿನಾಂವ, ಖರೇ, ಅಂವಗ ಮಲ್ಲಯ್ಯ ಯಾರೋ ಗೊತ್ತಿಲ್ಲ... ಸಾಯಬಮ್ಮ? ಅಕಿ ಸಾಹೇಬನ ಖೋಲಿ ಬಾಗಲ ಸೈತ ತುಳದಿಲ್ಲ. ಪಹರೆದಾಂವ... ಇಲ್ಲ. ಯಾರಿಗೂ ಒಳಗ ಹೋಗಾಕ ಹುಕುಂ ಇಲ್ಲ.

ಬಸವಂತ್ರಾಯಣ್ಣ, ಖರೇ ಹೇಳತೀನಿ ಕೇಳು.

ಸಾಹೇಬ ಹೋದ ತಿಂಗಳ ಕರದಿದ್ದ. 'ಈ ಮಂದಿ ಬರೇ ಸುಳ್ಳು ಹೇಳ್ತದ ಮರಿಲಿಂಗಪ್ಪ, ಖರೇ ಹೊರಡಿಸೋ ಹಾದಿ ಒಂದು ಹೇಳು. ನಿನಗಿಂತ ಮ್ಯಾಲಿನ ಜಮೇದಾರನ ಜಾಗಾ ಖಾಲಿ ಅದ' ಅಂದ. ಕುರ್ಚಿ ಮ್ಯಾಲ ಕುಂಡರಿಸಿದ ಅಣ್ಣಾ. ಗಿರಣಿಗೆ ಹೋಗಾಕ ಹತ್ತಿದಾಗಿಂದ ಅವತ್ತ ಮೊದಲ ಸಲ ನಾ ಆ ಖೋಲಿಯಾಗ ಕುಂತಿದ್ದು. ಹೇಳಿಬಿಟ್ಟೆ. 'ಹುಜೂರ್, ಮಲ್ಲಯ್ಯನ ಬಂಡಾರ ಕೈಯಾಗ ಕೊಡ್ರಿ, ಪ್ರಾಣ ಹೋದ್ರೂ ನಮ್ಮ ಮಂದಿ ಸುಳ್ಳು ಆಡಂಗಿಲ್ಲ' ಅಂದೆ. ಮುಂದ ನಾನ ಸರಪಳಿ ಎಳೀತೀನಂತ ನನಗರೆ ಏನು ಗೊತ್ತು?

ಬೈಯರೆ ಬೈಯೋ.

ಸಾಹೇಬಗ ಹೇಳೋದು ಏನು ದೊಡ್ಡದಲ್ಲ. 'ಎಳದಾಂವ ನಾನ' ಅಂದ್ರ ಮುಗೀತು. ಹೋದ್ರ ಒಂದು ಕೆಲಸ ಹೋಗ್ತದ. ಆದ್ರ ವೆಂಕಪ್ಪ... ಅಂವ ನನ್ನ ಹೆಸರು ಬಾಯಿಂದ ಬರಬಾರದಂತ ಗಿಡದ ಬುಡಕ್ಕ ಕುಂತಾನ ಅಣ್ಣಾ. ಅಂವನ ಕೈಯಾಗ ಬಂಡಾರ ಹಿಡಿಸೋ ಹಾದಿ ಸಾಹೇಬಗ ತೋರಿಸಿದಾಂವ ನಾನ ಅಂತ ಅಂವಗ ಗೊತ್ತಿಲ್ಲ.

ಆತು... ಎದ್ದೆ. ಅರಿಷಿಣ ಇಲ್ಲೇ ಇರಲಿ, ನಿನ್ನ ಅಡಗಿಗೆ ಆಗ್ತದ. ಮೊದಲ ವೆಂಕಪ್ಪನ ಕಡೆ ಹೋಗತೀನಿ. ಸಾಹೇಬ ಆಮ್ಯಾಲ.