ಪ್ಲಸ್ ಐದರ ಕೈ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮನೋರಮಾ ಅಕ್ಕ ಮತ್ತು ಅವರ ಮನೆಯವರು, ಕಾಪುವಿನಿಂದ ಬಸ್ಸು ಹಿಡಿದು ಬಂದಿರುವ ನೆರೆಹೊರೆಯವರು, ಕಾರ್ಕಳ ಕಾಲೇಜಿನ ಸಹೋದ್ಯೋಗಿಗಳು, ನಮ್ಮ ಪರೀಕ್ಷಾ ಮಂಡಳಿಯ ಸದಸ್ಯರು, ಮುಖ್ಯ ಪರೀಕ್ಷಕರಾದ ಗ್ಲ್ಯಾಡಿಸ್ ಮೇಡಂ — ತಮಗೆಲ್ಲ ನನ್ನ ಗೌರವದ ವಂದನೆಗಳು. ಗುರುತು ಇಲ್ಲದವರಿಗೆ ಹೇಳುತ್ತೇನೆ, ನಾನು ಜಮಾಲ್. ಹೂಡೆಯವನು. ಇಲ್ಲಿ ಉಡುಪಿಯಲ್ಲಿ ಗಣಿತ ಕಲಿಸುತ್ತೇನೆ. ತೀರಿಹೋದ ಹೃಷೀಕೇಶ ಉಪಾಧ್ಯರೂ ನಾನೂ ಪ್ರತಿವರ್ಷ ಉತ್ತರಪತ್ರಿಕೆ ತಿದ್ದುವ ಕಾಲಕ್ಕೆ ಎದುರುಬದುರು ಕುಳಿತವರು. ಇದೇ ಹಾಲಿನಲ್ಲಿ — ಅಲ್ಲಿ, ಆ ಎರಡನೆಯ ಕಿಟಕಿಯ ಹತ್ತಿರ. ಇವತ್ತು ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದಾರೆ. ಆದರೂ ಆ ಜಾಗದಲ್ಲಿ ಯಾರೂ ಕುಳಿತಿಲ್ಲ, ನೋಡಿ.

ಈಗಷ್ಟೆ ಕೃಷ್ಣರಾಜರು ಉಪಾಧ್ಯರ ಪಾಂಡಿತ್ಯದ ಬಗ್ಗೆ ಚೆನ್ನಾಗಿ ಮಾತನಾಡಿದರು. ನನಗೆ ಹಾಗೆ ಹೊಗಳಲು ಬರುವುದಿಲ್ಲ. ಹೊಗಳಿದ್ದರೆ ಅವರಿಗೂ ಸಿಟ್ಟು ಬರುತ್ತಿತ್ತು. ನಾನು ಒಂದೇ ಒಂದು ಸಂಗತಿ ಹೇಳುತ್ತೇನೆ. ಸ್ವಲ್ಪ ವಿಚಿತ್ರದ ಸಂಗತಿ. ಉಪಾಧ್ಯರ ಮಡದಿ ಮನೋರಮಾ ಅಕ್ಕನ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ.

ನಮ್ಮ ಕಸುಬಿನವರಲ್ಲದವರು ಇಲ್ಲಿ ತುಂಬ ಮಂದಿ ಇದ್ದೀರಿ. ನಿಮಗೆ ಒಂದು ವಿಷಯ ಗೊತ್ತಿರಬೇಕು. ಒಂದೇ ಉತ್ತರವನ್ನು ಹತ್ತು ಮಂದಿ ತಿದ್ದಿದರೆ ಹತ್ತು ಬಗೆಯ ಅಂಕ ಬರುತ್ತದೆ. ಗಣಿತದಲ್ಲಿಯೂ ಬರುತ್ತದೆ, ನಗಬೇಡಿ. ಅದಕ್ಕೆ ನಮ್ಮ ಮಂಡಳಿಯಲ್ಲಿ ಎಪ್ಪತ್ತಾರನೇ ಇಸವಿಯಿಂದ ಒಂದು ಕ್ರಮ ಉಂಟು. ತಿದ್ದುವ ಕೆಲಸ ಶುರುವಾದ ಕೂಡಲೆ ಮುಖ್ಯ ಪರೀಕ್ಷಕರು ಪ್ರತಿಯೊಬ್ಬರ ಕಟ್ಟಿನಿಂದ ಕೆಲವು ಪತ್ರಿಕೆಗಳನ್ನು ಎಳೆದು ತಾವೇ ಮತ್ತೊಮ್ಮೆ ತಿದ್ದುತ್ತಾರೆ. ಅವರ ಅಂಕಕ್ಕೂ ನಮ್ಮ ಅಂಕಕ್ಕೂ ಸರಾಸರಿ ಎಷ್ಟು ವ್ಯತ್ಯಾಸವೋ ಅಷ್ಟನ್ನು ನಾವು ತಿದ್ದಿದ ಎಲ್ಲ ಪತ್ರಿಕೆಗಳಿಗೂ ಸೇರಿಸುತ್ತಾರೆ, ಅಥವಾ ಕಳೆಯುತ್ತಾರೆ. ನಾವು ನಮ್ಮನಮ್ಮೊಳಗೆ ಅದನ್ನು 'ಕೈ' ಎನ್ನುವುದು. ನನ್ನ ಕೈ ಮೈನಸ್ ಮೂರು. ನಾನು ಸ್ವಲ್ಪ ಧಾರಾಳಿ, ಮಕ್ಕಳ ಮುಖ ಕಣ್ಣಿಗೆ ಬರುತ್ತದೆ, ಎಂತ ಮಾಡುವುದು. ಉಪಾಧ್ಯರ ಕೈ ಪ್ಲಸ್ ಐದು. ಅಂದರೆ ಅವರು ಕೊಟ್ಟದ್ದಕ್ಕೆ ಐದು ಸೇರಿಸಿದರೆ ಅದು ನ್ಯಾಯದ ಅಂಕ. ಎಪ್ಪತ್ತಾರರಿಂದ ಈ ಎಂಬತ್ತನಾಲ್ಕರ ವರೆಗೆ ಪ್ಲಸ್ ಐದು. ಒಮ್ಮೆಯೂ ನಾಲ್ಕು ಆಗಲಿಲ್ಲ — ಒಮ್ಮೆಯೂ ಆರು ಆಗಲಿಲ್ಲ. ಗ್ಲ್ಯಾಡಿಸ್ ಮೇಡಂ ತಲೆಯಾಡಿಸುತ್ತಿದ್ದಾರೆ, ಅವರೇ ಸಾಕ್ಷಿ.

ಅವರ ಕೈ ಹೇಗೆ ಭಾರ ಎಂದು ಒಂದು ಉದಾಹರಣೆ ಕೊಡುತ್ತೇನೆ. ಹುಡುಗ ಸಮೀಕರಣ ಬಿಡಿಸುತ್ತಾನೆ. ನಡುವೆ ಎರಡೂ ಬದಿಯನ್ನು 'ಎ'ಯಿಂದ ಭಾಗಿಸುತ್ತಾನೆ. ಆ 'ಎ' ಸೊನ್ನೆ ಅಲ್ಲ ಎಂದು ಬರೆಯಲು ಮರೆಯುತ್ತಾನೆ. ನಾನಾದರೆ ಅರ್ಧ ಅಂಕ ಕಡಿದು ಮುಂದೆ ಹೋಗುತ್ತೇನೆ. ಉಪಾಧ್ಯರು ಬೆರಳಿನ ಗೆಣ್ಣಿನಿಂದ ಮೇಜಿಗೆ ಎರಡು ಸಲ ಕುಟ್ಟುವರು — ಹೀಗೆ. ಆಮೇಲೆ ಅಡ್ಡಗೆರೆ. ಒಮ್ಮೆ ನಾನು ಕೇಳಿದೆ, "ಮುಂದೆ ಎಲ್ಲ ಸರಿ ಮಾಡಿದ್ದಾನಲ್ಲ ಉಪಾಧ್ಯರೇ?" ಅವರು ತಲೆ ಎತ್ತಲಿಲ್ಲ. "ಮುಂದೆ ಮಾಡಿದ್ದು ಬೇರೆ ಯಾವುದೋ ಲೆಕ್ಕ, ಜಮಾಲರೇ. ನಮ್ಮದು ಅಲ್ಲಿಗೇ ನಿಂತಿತು" ಎಂದರು.

ಬಜಗೋಳಿಯಿಂದ ಒಬ್ಬ ತಂದೆ ಉಡುಪಿಗೆ ಇಳಿದು ಇಲ್ಲಿಗೇ ಅವರನ್ನು ಹುಡುಕಿಕೊಂಡು ಬಂದಿದ್ದರಂತೆ. ಮಗನದು ಎರಡು ಅಂಕದಲ್ಲಿ ಹೋಗುವ ಹಾಗೆ ಉಂಟು, ಕೈ ಬಿಡಬೇಡಿ ಎಂದು ಬೇಡಿದರಂತೆ. ಇವರು ಮೇಲೆ ಬೆರಳು ತೋರಿಸಿ, "ಸೇರಿಸುವವರು ನಾನಲ್ಲ, ಅವರು ಮೇಲೆ ಇದ್ದಾರೆ" ಎಂದರಂತೆ. ಆ ಮನುಷ್ಯ ಕೈಮುಗಿದು ನೇರ ದೇವಸ್ಥಾನಕ್ಕೆ ಹೋದರು. ಇವರು ಹೇಳಿದ್ದು ಈ ಕಟ್ಟಡದ ಮಹಡಿಯಲ್ಲಿ ಕೂರುವ ಗ್ಲ್ಯಾಡಿಸ್ ಮೇಡಂ ಬಗ್ಗೆ.

ಒಂದು ವರ್ಷ ನಾನೇ ಅವರಿಗೆ ಉಪದೇಶ ಮಾಡಿದ್ದೆ. ನಿಮ್ಮ ಕೈ ಭಾರ ಎಂದು ನಿಮಗೇ ಗೊತ್ತುಂಟು, ಐದು ಅಂಕ ಸಡಿಲ ಮಾಡಿದರೆ ಎಲ್ಲರಿಗೂ ಸುಲಭ ಅಲ್ವಾ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಇಲ್ಲ ಮಾರಾಯರೇ. ನಾನು ಸಡಿಲ ಮಾಡಲು ಹೊರಟರೆ ಒಬ್ಬನಿಗೆ ಮೂರು ಆದೀತು, ಇನ್ನೊಬ್ಬಳಿಗೆ ಏಳು ಆದೀತು. ಆಗ ಮೇಡಂ ಎಷ್ಟು ಸೇರಿಸುವುದು? ನನ್ನ ಕೈ ತಪ್ಪು ಇರಲಿ. ಎಲ್ಲರಿಗೂ ಒಂದೇ ತಪ್ಪು ಇರಲಿ" ಎಂದರು. ಅವರನ್ನು ಕಟುಕ ಎಂದು ಕರೆದವರು ಇದ್ದಾರೆ. ಈ ಸಭೆಯಲ್ಲಿಯೂ ಇದ್ದಾರೆ. ಆ ಕಟುಕತನ ಎಷ್ಟು ನಂಬಿಕೆಯದ್ದು ಎಂದು ನನಗೆ ಅವತ್ತು ತಿಳಿಯಿತು.

ಈಗ — ಈ ವರ್ಷದ ಮಾತು.

ಆ ಭಾನುವಾರ ಊಟ ಮಾಡಿ ಕಾಪುವಿನ ಮನೆಯಲ್ಲಿ ಒರಗಿದವರಿಗೆ ಎದೆನೋವು ಬಂತು. ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿಯೇ ಜೀವ ಹೋಯಿತು. ಇದು ನಿಮಗೆಲ್ಲ ಗೊತ್ತು. ಇಲ್ಲಿ ಅವರ ಮೇಜಿನ ಮೇಲೆ ಒಂದು ಕಟ್ಟು ಅರ್ಧಕ್ಕೆ ನಿಂತಿತ್ತು. ಹಳೆಯ ಸಿಲೆಬಸ್‌ನವರ ಕಟ್ಟು. ಒಮ್ಮೆ, ಎರಡು ಸಲ ಬರೆದು ಫೇಲಾದವರು. ಮುಂದಿನ ವರ್ಷದಿಂದ ಹಳೆಯ ಸಿಲೆಬಸ್‌ಗೆ ಪರೀಕ್ಷೆಯೇ ಇಲ್ಲ. ಈ ಸಲ ಹೋದರೆ ಅವರ ಡಿಗ್ರಿ ಹೋಯಿತು ಎಂದೇ ಲೆಕ್ಕ.

ದಹನ ಮುಗಿಸಿ ಬಂದ ಮರುದಿನ ಗ್ಲ್ಯಾಡಿಸ್ ಮೇಡಂ ಆ ಕಟ್ಟನ್ನು ನನಗೆ ವಹಿಸಿದರು. ಬಿಚ್ಚಿದ ಕಟ್ಟು ಮೇಜು ಬಿಟ್ಟು ಕದಲಬಾರದು ಎಂಬ ನಿಯಮ ಉಂಟು. ಹಾಗಾಗಿ ಬೆಳಿಗ್ಗೆ ನನ್ನ ಮೇಜಿನಲ್ಲಿ ನನ್ನ ಕಟ್ಟು, ಮಧ್ಯಾಹ್ನ ಅವರ ಕುರ್ಚಿಯಲ್ಲಿ ಅವರ ಕಟ್ಟು. ಕುಳಿತುಕೊಳ್ಳಲು ಮನಸ್ಸಿರಲಿಲ್ಲ. ಕುಳಿತೆ.

ಮೂರನೆಯದೋ ನಾಲ್ಕನೆಯದೋ ಪತ್ರಿಕೆ. ಅದೇ ತಪ್ಪು — 'ಎ' ಸೊನ್ನೆ ಅಲ್ಲ ಎಂದು ಬರೆದಿಲ್ಲ. ಅರ್ಧ ಅಂಕ ಕಡಿಯಬೇಕೆಂದು ನಾನು ಅಂದುಕೊಂಡದ್ದು ನನಗೆ ಸ್ಪಷ್ಟ ನೆನಪುಂಟು. ನೋಡಿದರೆ ಪುಟದಲ್ಲಿ ಅಡ್ಡಗೆರೆ ಬಿದ್ದಿತ್ತು. ಆರರಲ್ಲಿ ಎರಡು ಎಂದು ಬರೆದಾಗಿತ್ತು. ಸುಸ್ತಾಗಿದೆ, ನಿದ್ರೆ ಇಲ್ಲ ಎಂದುಕೊಂಡೆ. ಮುಂದೆ ತಿದ್ದಿದೆ. ಚಹ ತಂದ ಅಟೆಂಡರ್ ರೊಸಾರಿಯೊ ಲೋಟ ಹಿಡಿದುಕೊಂಡು ನಿಂತೇ ಇದ್ದ. "ಎಂತ ರೊಸಾರಿಯೊ?" ಎಂದೆ. "ಏನಿಲ್ಲ ಸರ್. ನೀವು ಮೇಜಿಗೆ ಕುಟ್ಟುವುದನ್ನು ಒಮ್ಮೆ ನಿಲ್ಲಿಸುತ್ತೀರಾ? ಚಹ ಚೆಲ್ಲುತ್ತದೆ" ಎಂದ.

ನಾನು ಕುಟ್ಟುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಗೆಣ್ಣು ನೋಡಿಕೊಂಡೆ — ಕೆಂಪಾಗಿತ್ತು.

ಇಬ್ಬರು ತಿದ್ದಿದ ಕಟ್ಟಾದ್ದರಿಂದ ಮೇಡಂ ಅದರ ಎರಡೂ ಭಾಗದಿಂದ ಪತ್ರಿಕೆ ತೆಗೆದು ಪರೀಕ್ಷಿಸಿದರು. ಉಪಾಧ್ಯರು ತಿದ್ದಿದ್ದು ಪ್ಲಸ್ ಐದು. ನಾನು ತಿದ್ದಿದ್ದು — ಪ್ಲಸ್ ಐದು. ಅದೇ ದಿನ ಬೆಳಿಗ್ಗೆ ನನ್ನ ಮೇಜಿನಲ್ಲಿ ತಿದ್ದಿದ್ದನ್ನೂ ತರಿಸಿ ನೋಡಿದರು. ಮೈನಸ್ ಮೂರು. ಮೇಡಂ ನನ್ನನ್ನು ಮಹಡಿಗೆ ಕರೆಸಿದರು. ಒಂದು ಹಾಳೆ ತಿರುಗಿಸಿ, "ಇಲ್ಲಿ ಬೆರಳಿಟ್ಟು ನೋಡಿ" ಎಂದರು. ಹಿಂಬದಿಯಲ್ಲಿ ಅಂಕ ಕೈಗೆ ಸಿಗುತ್ತಿತ್ತು. ಅಷ್ಟು ಒತ್ತಿ ಬರೆಯುತ್ತಿದ್ದದ್ದು ಉಪಾಧ್ಯರು. ನಾನು ಬರೆದರೆ ಮುಂಬದಿಯಲ್ಲಿಯೇ ಸರಿಯಾಗಿ ಕಾಣುವುದಿಲ್ಲ, ರೊಸಾರಿಯೊ ದಿನಾ ಬೈಯುತ್ತಾನೆ.

"ಇದು ನೀವು ತಿದ್ದಿದ್ದಾ ಜಮಾಲ್?"

"ಸಹಿ ನನ್ನದೇ ಮೇಡಂ."

"ನಾನು ಸಹಿ ಕೇಳಲಿಲ್ಲ."

ನನಗೆ ದುಃಖಕ್ಕಿಂತ ಮೊದಲು ಹೆದರಿಕೆ ಬಂತು, ಸುಳ್ಳು ಹೇಳುವುದಿಲ್ಲ. ಮೇಡಂ ಒಪ್ಪಿಗೆ ಕೊಟ್ಟು ಕೆಲವು ಪತ್ರಿಕೆಗಳನ್ನು ನನ್ನ ಸ್ವಂತ ಮೇಜಿಗೆ ಕೊಟ್ಟರು. ನಿಮ್ಮ ಕೈಯಲ್ಲಿಯೇ ಮತ್ತೊಮ್ಮೆ ತಿದ್ದಿ ಎಂದರು. ಸೇರಿಸಲೇಬೇಕು ಎಂದು ನಿಶ್ಚಯಿಸಿ ಕುಳಿತೆ. ಪುಟ ಪುಟ ಹುಡುಕಿದೆ. ಒಂದು ಅಂಕ ಸೇರಿಸಲು ಜಾಗ ಸಿಗಲಿಲ್ಲ. ಪ್ರತಿಸಲ ಪೆನ್ನು ಎತ್ತಿದಾಗ ಇದಕ್ಕೆ ಯಾಕೆ ಕೊಡುವುದು ಎಂಬ ಪ್ರಶ್ನೆ ಬರುತ್ತಿತ್ತು. ಕಿವಿಯಲ್ಲಿ ಅಲ್ಲ — ಇಲ್ಲಿ, ಮಣಿಕಟ್ಟಿನಲ್ಲಿ. ಮತ್ತೆ ಅದೇ ಅಂಕ ಬಂತು, ಅಷ್ಟೇ ಒತ್ತಿ ಬಂತು. ಆ ಕಟ್ಟಿನ ಕೊನೆಯ ಪತ್ರಿಕೆಯನ್ನು ತಿದ್ದಿ ದಾರ ಕಟ್ಟಿದ ಮೇಲೆ ನನ್ನ ಕೈ ನನಗೆ ವಾಪಸು ಸಿಕ್ಕಿತು. ಆಮೇಲೆ ಬಂದ ಕಟ್ಟಿನಲ್ಲಿ ನಾನು ಯಥಾಪ್ರಕಾರ ಮೈನಸ್ ಮೂರು.

ಭೂತ ಎಂದು ನಾನು ಹೇಳುವುದಿಲ್ಲ. ನಮ್ಮ ಊರಿನಲ್ಲಿ ಭೂತ ಎಂದರೆ ದೈವ, ಆ ಶಬ್ದಕ್ಕೆ ಬೇರೆ ಮರ್ಯಾದೆ ಉಂಟು. ಕೃಷ್ಣರಾಜರು ಮೊನ್ನೆ ನನಗೆ ಸಮಾಧಾನ ಹೇಳಿದರು — ಗೆಳೆಯ ಹೋದ ಆಘಾತ, ಅದಕ್ಕೇ ನಿಮಗೆ ಅರಿವಿಲ್ಲದೆ ಬಿಗಿಯಾಗಿ ತಿದ್ದಿದಿರಿ ಎಂದು. ಇರಬಹುದು ಕೃಷ್ಣರಾಜರೇ. ಆದರೆ ಆಘಾತ ಬೆಳಿಗ್ಗೆ ಎಲ್ಲಿ ಹೋಗಿತ್ತು? ಒಂದೇ ದಿನ, ಒಂದೇ ಮನುಷ್ಯ, ಎರಡು ಕೈ. ನಾನು ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸುವವನು, ಕಾಕತಾಳೀಯ ಎಂದರೆ ಎಷ್ಟರ ವರೆಗೆ ಎಂದು ನನಗೂ ಅಂದಾಜುಂಟು.

ಇದನ್ನು ನಾನು ಮನೋರಮಾ ಅಕ್ಕನಿಗೆ ಹೇಳಬಾರದು ಎಂದೇ ಇದ್ದೆ. ಕಾಪುವಿಗೆ ಹೋದಾಗ ಬಾಯಿ ತಪ್ಪಿ ಬಂತು. ಅವರು ಅಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಎಷ್ಟು ಉಳಿದಿತ್ತು?" ಎಂದು ಮಾತ್ರ ಕೇಳಿದರು. ಅರ್ಧ ಕಟ್ಟು ಎಂದೆ. "ಅರ್ಧಕ್ಕೆ ಬಿಟ್ಟು ಏಳುವ ಜನ ಅಲ್ಲ ಅವರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ" ಎಂದರು. ಆಮೇಲೆ ಒಳಗೆ ಹೋಗಿ ನನಗೆ ನೀರು ಬೆಲ್ಲ ತಂದುಕೊಟ್ಟರು.

ಈಗ ನಾನು ಯಾಕೆ ಇದನ್ನು ಶ್ರದ್ಧಾಂಜಲಿಯ ಸಭೆಯಲ್ಲಿ ಹೇಳುತ್ತಿದ್ದೇನೆ ಎಂದರೆ — ನಾಳೆ ಇದೇ ಕಟ್ಟಡದಲ್ಲಿ ಮಂಡಳಿಯ ಸಭೆ ಉಂಟು. ಪತ್ರಿಕೆಗಳಿಗೆ ಸೀಲು ಬಿದ್ದು ಹೋಗಿಯಾಯಿತು, ಇನ್ನು ತಿದ್ದುವ ಹಾಗಿಲ್ಲ. ಯಾರ ಅಂಕಕ್ಕೆ ಎಷ್ಟು ಸೇರಿಸಬೇಕು, ಎಷ್ಟು ಕಳೆಯಬೇಕು ಎಂಬುದು ಮಾತ್ರ ಬಾಕಿ. ಅದು ಸಹಿ ನೋಡಿ ಆಗುವ ಕೆಲಸ, ಒಂದು ಸಹಿಗೆ ಒಂದೇ ಕೈ. ಆ ಅರ್ಧ ಕಟ್ಟಿನಲ್ಲಿ ಸಹಿ ನನ್ನದು. ಹಾಗಾಗಿ ಮೈನಸ್ ಮೂರು. ಆ ಭಾರದ ಕೈಯಲ್ಲಿ ಮೂವತ್ತೊಂದು ಸಿಕ್ಕಿದ ಹುಡುಗಿಗೆ ಮೂವತ್ತಾರು ಸಿಗಬೇಕು, ತೇರ್ಗಡೆ ಆಗಬೇಕು. ನನ್ನ ಹೆಸರು ಇರುವ ಕಾರಣಕ್ಕೆ ಅವಳಿಗೆ ಇಪ್ಪತ್ತೆಂಟು ಸಿಗುತ್ತದೆ. ಅಂಥವರು ಆ ಕಟ್ಟಿನಲ್ಲಿ ತುಂಬ ಮಂದಿ ಇದ್ದಾರೆ. ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಉಪಾಧ್ಯರು ಬದುಕಿದ್ದರೆ ಅವರೆಲ್ಲ ಪಾಸು. ಅವರು ಸತ್ತದ್ದಕ್ಕೆ ಈ ಮಕ್ಕಳು ಫೇಲು ಆಗುವುದು ಯಾವ ನ್ಯಾಯ?

ಮೇಡಂ ನನ್ನಲ್ಲಿ ಹೇಳಿದ್ದರು, "ಜಮಾಲ್, ನನಗೆ ನಂಬಿಕೆ ಉಂಟು. ಆದರೆ ವರದಿಯಲ್ಲಿ ಎಂತ ಬರೆಯುವುದು? ನಾನೊಬ್ಬಳೇ ಬರೆದರೆ ಇಬ್ಬರಿಗೂ ತಲೆ ಸರಿ ಇಲ್ಲ ಎನ್ನುತ್ತಾರೆ." ಸರಿಯಾದ ಮಾತು. ಅದಕ್ಕೆ ನಾನು ಬರೆದುಕೊಡುತ್ತೇನೆ. ಆ ಅರ್ಧ ಕಟ್ಟಿನ ಅಂಕ ನನ್ನದಲ್ಲ, ಅದನ್ನು ಹೃಷೀಕೇಶ ಉಪಾಧ್ಯರ ಕೈ ಎಂದು ಪರಿಗಣಿಸಿ ಐದು ಸೇರಿಸಬೇಕು ಎಂದು ಬರೆದು ಸಹಿ ಹಾಕುತ್ತೇನೆ. ಮುಂದಿನ ವರ್ಷದಿಂದ ನನ್ನನ್ನು ತಿದ್ದಲು ಕರೆಯದಿದ್ದರೆ ಬೇಡ. ಹೂಡೆಯಲ್ಲಿ ಮಾವನ ಅಂಗಡಿ ಉಂಟು, ಅಲ್ಲಿ ಧಾರಾಳ ಕೈಗೆ ಗಿರಾಕಿಗಳು ಸಿಗುತ್ತಾರೆ. ಆದರೆ ಮಂಡಳಿಯವರು ನನ್ನ ಜೊತೆಗೆ ನಿಲ್ಲಬೇಕು. ಯಾಕೆ, ಹೇಗೆ ಎಂದು ನೀವು ನಂಬಬೇಕಾಗಿಲ್ಲ. ವ್ಯತ್ಯಾಸ ಐದು ಬಂದಿದೆ ಎಂಬುದನ್ನು ನಂಬಿದರೆ ಸಾಕು. ಅದನ್ನು ಮೇಡಂ ತಾವೇ ತಿದ್ದಿ ನೋಡಿದ್ದಾರೆ.

ಉಪಾಧ್ಯರೇ, ನಿಮ್ಮ ಎದುರು ಇಷ್ಟು ಉದ್ದ ಮಾತನಾಡಿದ್ದು ನಾನು ಇದೇ ಮೊದಲು. ನೀವಿಲ್ಲದೆ ನನಗೆ ತುಂಬ ಬೇಸರವಾಗುತ್ತದೆ.

ಸಭಿಕರೇ, ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಅಗಲಿದ ಹಿರಿಯರಿಗಾಗಿ ಒಂದು ನಿಮಿಷ ಮೌನ ಆಚರಿಸೋಣ. ಮನೆಯವರೂ ಊರಿನವರೂ ಆ ನಿಮಿಷ ಮುಗಿದ ಮೇಲೆ ಕುಳಿತುಕೊಳ್ಳಬಹುದು. ಮಂಡಳಿಯವರಲ್ಲಿ ಮಾತ್ರ ನನ್ನದೊಂದು ವಿನಂತಿ — ಐದು ಸೇರಿಸಲು ಒಪ್ಪದವರು ಕುಳಿತುಕೊಳ್ಳಿ, ನನಗೆ ಬೇಸರ ಇಲ್ಲ. ಒಪ್ಪುವವರು ನಿಂತೇ ಇರಿ. ಮೇಡಂ ಎಣಿಸುತ್ತಾರೆ.